ಹಳೆಯ ನಾಲ್ಕು ಸಿಲಿಂಡರಿನ ಮೋಟಾರು ಇಂಜಿನುಗಳಲ್ಲಿ ಭಾಗವಿನಿಮಯ: ಕರಾವಳಿಯಿಂದ ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ಆಕರಗಳೆಂದರೆ ಶಾಸನ, ಕಡತ, ನಾಣ್ಯ, ಓಲೆಯ ಪ್ರತಿ ಇವೇ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೂ ಬಲವಾಗಿ ಬೇರೂರಿದೆ. ಪ್ರಾಚೀನ ಕಾಲದ ಮಟ್ಟಿಗೆ ಅದು ಸರಿಯೇ. ಆದರೆ ಇಪ್ಪತ್ತನೆಯ ಶತಮಾನದ ಕೈಗಾರಿಕೆಯನ್ನೂ ಸಾರಿಗೆಯನ್ನೂ ಕುರಿತು ಬರೆಯಹೊರಟವನಿಗೆ ಕಾಗದದ ಆಕರಗಳು ಒಂದು ಹಂತದವರೆಗೆ ಮಾತ್ರ ದಾರಿ ತೋರಿಸುತ್ತವೆ. ಕಾರ್ಖಾನೆಯವರ ಜಾಹೀರಾತಿನಲ್ಲಿ ಪ್ರತಿಯೊಂದು ಮಾದರಿಯೂ ಹೊಸದು; ಸರ್ಕಾರದ ಕಡತದಲ್ಲಿ ಪ್ರತಿಯೊಂದು ಕಾರೂ ಒಂದು ಸಂಖ್ಯೆ. ಆ ಹೊಸದರೊಳಗೆ ಹಳೆಯದೆಷ್ಟು, ಒಂದರ ಹೆಸರು ಹೊತ್ತುದರೊಳಗೆ ಇನ್ನೊಂದರ ಅಂಶವೆಷ್ಟು ಎಂಬುದನ್ನು ತಿಳಿಯಬೇಕಾದರೆ ಇಂಜಿನನ್ನೇ ಬಿಚ್ಚಿ ನೋಡಬೇಕು. ಯಾವ ಇಂಜಿನಿನ ಕ್ಯಾಂಶಾಫ್ಟು ಯಾವ ಇಂಜಿನಿಗೆ ಹೊಂದುತ್ತದೆ, ಯಾವುದರ ಟ್ಯಾಪೆಟ್ಟು, ಪುಷ್‌ರಾಡು, ರಾಕರು, ವಾಲ್ವುಗಳು ಯಾವುದಕ್ಕೆ ಸಲ್ಲುತ್ತವೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಗ್ಯಾರೇಜಿಗೆ ಸೇರಿದ್ದು. ಅದು ಚರಿತ್ರಕಾರನ ಪ್ರಶ್ನೆಯೂ ಹೌದೆಂದು, ಹಾಗೂ ಅದಕ್ಕೆ ಸಿಗುವ ಉತ್ತರವು ಲಿಖಿತ ಆಧಾರದಷ್ಟೇ ನಂಬತಕ್ಕುದೆಂದು ತೋರಿಸುವುದು ನಮ್ಮ ಉದ್ದೇಶ.

ಇದಕ್ಕೆ ನಾವು ನಾವುಂದವನ್ನು ನಿಲುವಿನ ಸ್ಥಳವಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಮರವಂತೆಯಲ್ಲಿ ಸೌಪರ್ಣಿಕೆಗೂ ಸಮುದ್ರಕ್ಕೂ ನಡುವೆ ಸಾಗುವ ಹೆದ್ದಾರಿ ಉತ್ತರಕ್ಕೆ ಬಂದು ಮುಟ್ಟುವ ಊರಿದು; ಹಿಂದೆ ಕುಂದಾಪುರ ತಾಲ್ಲೂಕಿಗೂ ಇಂದು ಬೈಂದೂರು ತಾಲ್ಲೂಕಿಗೂ ಸೇರಿದೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಹೋಗಿ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದ ಮೇಲೆ, 1956ರ ನವೆಂಬರ್ 1ರವರೆಗೆ, ಬೈಂದೂರಿನ ಆಚೆ ಶಿರೂರನ್ನು ದಾಟಿದರೆ ಆಡಳಿತವೇ ಬೇರೆಯಾಗುತ್ತಿತ್ತು. ಅಂದರೆ ಇದು ಎರಡು ಆಧಿಪತ್ಯಗಳು ಕೂಡುವೆಡೆ. ಸರ್ಕಾರದ ಸಂಬಂಧವೆಲ್ಲ ಮದರಾಸಿನೊಡನೆ; ದುಡಿಮೆಯ ಸಂಬಂಧವು, ಹೋಟೆಲುಗಳಿಗೆ ಹೋದವರ ಮೂಲಕ, ಮುಂಬಯಿಯೊಡನೆ. ಸ್ವಾತಂತ್ರ್ಯಾನಂತರ ಭಾರತದಲ್ಲಿ ತಯಾರಾದ ಕಾರುಗಳ ತವರೂರುಗಳನ್ನು ನೆನೆದರೆ ಈ ಮಾತಿನ ಮಹತ್ತ್ವ ತಿಳಿಯುತ್ತದೆ. ಫಿಯೆಟ್ಟೂ ಜೀಪೂ ಮುಂಬಯಿಯವು; ಸ್ಟ್ಯಾಂಡರ್ಡ್ ಮದರಾಸಿನದು; ಅಂಬಾಸಿಡರ್ ಕಲಕತ್ತೆಯ ಬಳಿಯ ಉತ್ತರಪಾಡಾದ್ದು. ಈ ಮೂರೂ ಕಡೆಯ ವಂಶಗಳು ಕರಾವಳಿಯ ಒಂದೇ ರಸ್ತೆಯ ಮೇಲೆ, ಒಂದೇ ಮೇಸ್ತ್ರಿಯ ಕೈಗೆ ಬರುವಂತಾಯಿತು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮಲ್ಲಿ ಕಾರುಗಳನ್ನು ಜೋಡಿಸುತ್ತಿದ್ದವರಲ್ಲಿ ಫೋರ್ಡ್ ಹಾಗೂ 1928ರಿಂದ ಮುಂಬಯಿಯಲ್ಲಿದ್ದ ಜನರಲ್ ಮೋಟಾರ್ಸ್ ಪ್ರಮುಖರು. ಬಿಡಿಭಾಗಗಳನ್ನು ದೇಶದಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವೆಂದು 1953ರ ಸುಂಕ ಆಯೋಗದ ಶಿಫಾರಸಿನ ಬಳಿಕ ನಿರ್ಧಾರವಾದಾಗ ಈ ಇಬ್ಬರೂ ಬಾಗಿಲು ಮುಚ್ಚಿದರು. ಅನಂತರ ಸುಮಾರು ಮೂವತ್ತು ವರ್ಷಗಳ ಕಾಲ ದೇಶದ ಕಾರುಗಳೆಲ್ಲ ಕೈಬೆರಳೆಣಿಕೆಯ ಇಂಜಿನುಗಳಿಂದ ನಡೆದುವು. ಅವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ನಾಲ್ಕು ಸಿಲಿಂಡರಿನವು, ಎಲ್ಲವೂ ವಿದೇಶದಲ್ಲಿ ಹುಟ್ಟಿದುವು, ಹುಟ್ಟಿದ ನಾಡಿನಲ್ಲಿ ಅವು ಸತ್ತ ಮೇಲೆಯೂ ಇಲ್ಲಿ ಬದುಕಿದ್ದುವು. ಹೊಸ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಇಂಜಿನು ಕೆಟ್ಟರೆ ಅದನ್ನು ಬದುಕಿಸಿಕೊಳ್ಳುವುದೊಂದೇ ಗತಿ. ಮದರಾಸಿನ ಪುದುಪೇಟೆ, ಬೆಂಗಳೂರಿನ ಜೆ. ಸಿ. ರಸ್ತೆ ಮುಂತಾದ ಕಡೆಗಳಲ್ಲಿ ಬೆಳೆದ ಬಿಡಿಭಾಗಗಳ ಪೇಟೆಗಳು ಈ ಅಗತ್ಯದ ಕೂಸುಗಳು.

ಇಂಜಿನಿನ ಪರಿಚಯವಿಲ್ಲದ ಓದುಗರಿಗಾಗಿ ಇಲ್ಲಿ ಒಂದೆರಡು ಮಾತು ಅವಶ್ಯ. ಸಿಲಿಂಡರಿನೊಳಕ್ಕೆ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಬಿಡುವ ವಾಲ್ವೊಂದು, ಉರಿದ ಹೊಗೆಯನ್ನು ಹೊರಬಿಡುವ ವಾಲ್ವೊಂದು ಇರುತ್ತವೆ. ಇವು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಕ್ಯಾಂಶಾಫ್ಟೆಂಬ ದಂಡದ ಮೇಲಿನ ಉಬ್ಬುಗಳ ಆಕಾರದಲ್ಲಿ ಬರೆದಿಟ್ಟಿರುತ್ತದೆ. ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗುತ್ತದೆ. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು, ಪಕ್ಕದ ವಾಲ್ವಿನ ಇಂಜಿನಾದರೆ ನೇರವಾಗಿ ವಾಲ್ವನ್ನು, ಮೇಲಿನ ವಾಲ್ವಿನದಾದರೆ ಪುಷ್‌ರಾಡು, ರಾಕರುಗಳ ಮೂಲಕ ವಾಲ್ವನ್ನು ತೆರೆಯುತ್ತದೆ. ಮುಚ್ಚುವುದು ಸ್ಪ್ರಿಂಗಿನ ಕೆಲಸ. ಇಷ್ಟೇ ಅಲ್ಲ. ಹಳೆಯ ಇಂಜಿನುಗಳಲ್ಲಿ ಆಯಿಲ್ ಪಂಪೂ, ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರೂ, ಹಲವೆಡೆ ಪೆಟ್ರೋಲಿನ ಪಂಪೂ ಇದೇ ದಂಡದಿಂದ ಚಲನೆಯನ್ನು ಪಡೆಯುತ್ತವೆ. ಆದಕಾರಣ ಪಿಸ್ಟನ್ನನ್ನು ಬದಲಾಯಿಸಿದಂತೆ ಕ್ಯಾಂಶಾಫ್ಟನ್ನು ಬದಲಾಯಿಸಲಾಗದು. ಅದರೊಡನೆ ಇಂಜಿನಿನ ಇಡೀ ಸಂಸಾರದ ಸಂಬಂಧವಿದೆ.

ಗ್ರಂಥಸಂಪಾದನೆಯ ಕ್ರಮವನ್ನು ಬಲ್ಲವರಿಗೆ ಮುಂದಿನ ವಿಚಾರ ಸುಲಭವಾಗಿ ಹೊಳೆಯುತ್ತದೆ. ಒಂದು ಕಾವ್ಯದ ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಸಮಾನವಾಗಿದ್ದರೆ ಅದರಿಂದ ವಿಶೇಷವೇನೂ ಸಿದ್ಧಿಸದು. ಒಂದೇ ಬಗೆಯ ತಪ್ಪು ಎರಡರಲ್ಲಿಯೂ ಕಂಡರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದುವೆಂದು ಊಹಿಸುತ್ತೇವೆ. ಇಂಜಿನುಗಳಲ್ಲಿಯೂ ಹಾಗೆಯೇ. ನಾಲ್ಕು ಸಿಲಿಂಡರು, 1-3-4-2ರ ಉರಿಯುವ ಕ್ರಮ, ಸುಮಾರು ಒಂದೂವರೆ ಲೀಟರಿನ ಗಾತ್ರ ಇವುಗಳಿಂದ ಬಂಧುತ್ವ ಸಿದ್ಧವಾಗದು, ಅವು ಕಾಲಧರ್ಮ. ಬೇರಿಂಗಿನ ಅಳತೆ, ಟ್ಯಾಪೆಟ್ಟಿನ ವ್ಯಾಸ, ಪಂಪನ್ನು ನಡೆಸುವ ಹಲ್ಲಿನ ಓರೆ ಮುಂತಾದ, ಯಾವ ವಿನ್ಯಾಸಕಾರನೂ ಹೀಗೆಯೇ ಇರಬೇಕೆಂದು ಹಟ ಹಿಡಿಯದ, ಸಣ್ಣಪುಟ್ಟ ಸಂಗತಿಗಳಲ್ಲಿನ ಹೋಲಿಕೆಯೇ ನಿಜವಾದ ಸಾಕ್ಷಿ. ಕ್ಯಾಂಶಾಫ್ಟು ಈ ಎಲ್ಲ ಸಂಗತಿಗಳನ್ನೂ ಒಮ್ಮೆಗೇ ಪರೀಕ್ಷಿಸುತ್ತದೆ. ಅದು ಒಳಗೆ ಹೋಗಿ ಕುಳಿತು ಕೆಲಸ ಮಾಡಿತೆಂದರೆ ವಂಶ ಒಂದೇ ಎಂದು ಧೈರ್ಯವಾಗಿ ಹೇಳಬಹುದು.

ಇದಕ್ಕೆ ಅತ್ಯುತ್ತಮ ನಿದರ್ಶನ ಅಂಬಾಸಿಡರ್. 1957-58ರಲ್ಲಿ ರಸ್ತೆಗಿಳಿದ ಈ ಕಾರಿನ ಒಡಲು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯದು. ಅದೇ ಕಾರಿಗೆ ಇಂಗ್ಲೆಂಡಿನಲ್ಲಿ 1489 ಘನ ಸೆಂಟಿಮೀಟರಿನ, ಮೇಲಿನ ವಾಲ್ವಿನ ಇಂಜಿನನ್ನು ಕೂರಿಸುತ್ತಿದ್ದರು. ಇಲ್ಲಿಯ ಮೊದಲ ಅಂಬಾಸಿಡರುಗಳಿಗಾದರೋ, ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರಿನಲ್ಲಿಯೂ ಹಿಂದೂಸ್ತಾನ್ 14ರಲ್ಲಿಯೂ ಇದ್ದ 1476 ಘನ ಸೆಂಟಿಮೀಟರಿನ, ಪಕ್ಕದ ವಾಲ್ವಿನ ಇಂಜಿನೇ ಗತಿಯಾಯಿತು. 1959ರಲ್ಲಿ ಮೇಲಿನ ವಾಲ್ವಿನದು ಬಂದಿತು. ಕಾಗದದ ಮೇಲೆ ಇವೆರಡಕ್ಕೂ ಇರುವ ವ್ಯತ್ಯಾಸ ಹದಿಮೂರು ಘನ ಸೆಂಟಿಮೀಟರು. ಹೊರಗಿನ ತಗಡು ಒಂದೇ, ಹೆಸರು ಒಂದೇ, ಕಂಪೆನಿ ಒಂದೇ. ಜಾಹೀರಾತುಗಳನ್ನು ಮಾತ್ರ ಓದಿದ ಚರಿತ್ರಕಾರನು ಇದನ್ನು ಒಂದು ಸಣ್ಣ ಸುಧಾರಣೆಯೆಂದು ಬರೆದುಬಿಡುವ ಸಂಭವವಿದೆ. ಇಂಜಿನು ಬಿಚ್ಚಿದವನು ಹಾಗೆ ಬರೆಯಲಾರ. ಮೊದಲನೆಯದರಲ್ಲಿ ಸಿಲಿಂಡರಿನ ವ್ಯಾಸ 73.5 ಮಿಲಿಮೀಟರು, ಪಿಸ್ಟನ್ನಿನ ಓಟ 87, ಎರಡನೆಯದರಲ್ಲಿ 73.025 ಹಾಗೂ 88.9. ಮೊದಲನೆಯದಕ್ಕೆ ರಾಕರೇ ಇಲ್ಲ, ಪುಷ್‌ರಾಡೇ ಇಲ್ಲ. ಒಂದರ ಕ್ಯಾಂಶಾಫ್ಟು ಇನ್ನೊಂದಕ್ಕೆ ಆಗುವ ಮಾತು ದೂರ ಉಳಿಯಿತು. ಕಾರಣವೇನೆಂದರೆ ಮೊದಲನೆಯದು ಮೋರಿಸ್ ಮನೆತನದ್ದು, ಎರಡನೆಯದು ಆಸ್ಟಿನ್ ಮನೆತನದ್ದು. ಬದ್ಧ ಪ್ರತಿಸ್ಪರ್ಧಿಗಳಾಗಿದ್ದ ಈ ಎರಡು ಸಂಸ್ಥೆಗಳು 1952ರಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಒಂದಾದುವು. ಒಂದಾದ ಮೇಲೆ ಮೋರಿಸ್ ಹೆಸರಿನ ಕಾರಿಗೆ ಆಸ್ಟಿನ್ ಮೂಲದ ‘ಬಿ’ ಶ್ರೇಣಿಯ ಇಂಜಿನು ಬಂದಿತು. ಇಂಗ್ಲೆಂಡಿನ ಒಂದು ವ್ಯಾಪಾರಸಂಧಿಯ ಪರಿಣಾಮ ಏಳು ವರ್ಷ ತಡವಾಗಿ ಉತ್ತರಪಾಡಾವನ್ನು ತಲುಪಿ, ಅಲ್ಲಿಂದ ನಮ್ಮ ಕರಾವಳಿಯ ಟ್ಯಾಕ್ಸಿಗಳಿಗೆ ಇಳಿಯಿತು. 1959ರ ಹಿಂದುಮುಂದಿನ ಎರಡು ಅಂಬಾಸಿಡರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಹೆಡ್ಡುಗಳನ್ನು ಬಿಚ್ಚಿದರೆ ಆ ಸಂಧಿಯ ಗೆರೆಯನ್ನು ಕಣ್ಣಾರೆ ಕಾಣಬಹುದು.

‘ಬಿ’ ಶ್ರೇಣಿಯ ವಂಶವಿಸ್ತಾರವು ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. ಹೆಸರಿನಲ್ಲಿ ಯಾವ ಸಂಬಂಧವೂ ಕಾಣದ ಕಾರುಗಳು ಇಲ್ಲಿ ದಾಯಾದಿಗಳು. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಆಸನಗಳ ಕ್ರೀಡಾಕಾರಿಗೂ ನಮ್ಮ ಅಂಬಾಸಿಡರಿಗೂ ಇಂಜಿನಿನ ಗಾತ್ರ ಒಂದೇ, 1489. ಮುಂದೆ ಇಂಗ್ಲೆಂಡಿನಲ್ಲಿ ಇದು 1588, 1622, ಕೊನೆಗೆ 1962ರ ಎಂಜಿಬಿಯಲ್ಲಿ 1798 ಘನ ಸೆಂಟಿಮೀಟರಿನವರೆಗೆ ಬೆಳೆಯಿತು. ಹೀಗೆ ಬೆಳೆಯುವಾಗ ಸಿಲಿಂಡರು ಅಗಲವಾಯಿತೇ ಹೊರತು ಪಿಸ್ಟನ್ನಿನ ಓಟ 88.9 ಮಿಲಿಮೀಟರಿನಿಂದ, ಎಂದರೆ ಮೂರೂವರೆ ಅಂಗುಲದಿಂದ, ಕದಲಲಿಲ್ಲ. ಮೇಲೆ ಹೇಳಿದ ‘ಒಂದೇ ಬಗೆಯ ತಪ್ಪು’ ಎಂಬುದಕ್ಕೆ ಈ ಮೂರೂವರೆ ಅಂಗುಲ ಸರಿಯಾದ ಉಪಮೆ. ಈ ಬಂಧುತ್ವದ ಬಲದಿಂದಲೇ ಕ್ರೀಡಾಕಾರಿನ ಕ್ಯಾಂಶಾಫ್ಟನ್ನು ಸಲೂನಿನ ಬ್ಲಾಕಿಗೆ ಕೂರಿಸುವ ಅಭ್ಯಾಸ ಇಂಗ್ಲೆಂಡಿನ ಹವ್ಯಾಸಿಗಳಲ್ಲಿ ಬೆಳೆಯಿತು. ಎಂಜಿಬಿಯ ದಂಡವು ಒಳಗಿನ ವಾಲ್ವನ್ನು ಪಿಸ್ಟನ್ನು ಶಿಖರ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ತೆರೆದು, ತಳ ಮುಟ್ಟಿದ 56 ಡಿಗ್ರಿಯ ಮೇಲೆ ಮುಚ್ಚುತ್ತದೆ. ಒಟ್ಟು 252 ಡಿಗ್ರಿ. ಸಲೂನಿನದು ಸುಮಾರು 230. ಉಸಿರೆಳೆಯಲು ಸಿಗುವ ಈ ಹೆಚ್ಚಿನ ಅವಧಿಯೂ, ಎರಡು ಕಾರ್ಬುರೇಟರುಗಳೂ, ಹೆಡ್ಡಿನಲ್ಲಿಯ ಬದಲಾವಣೆಗಳೂ ಕೂಡಿ, ಅಂಬಾಸಿಡರಿನಲ್ಲಿ ಐವತ್ತರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ ಎಂಜಿಎಯಲ್ಲಿ ಎಪ್ಪತ್ತರ ಹತ್ತಿರಕ್ಕೆ ಏರುವುದಕ್ಕೆ ಕಾರಣವಾದುವು.

ಹಾಗಾದರೆ ನಮ್ಮ ಟ್ಯಾಕ್ಸಿಯವರು ಇದನ್ನೇಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನಮ್ಮ ಘಾಟಿಗಳಲ್ಲಿದೆ. ವಾಲ್ವು ಹೆಚ್ಚು ಹೊತ್ತು ತೆರೆದಿರುವ ಇಂಜಿನು ವೇಗವಾಗಿ ತಿರುಗುವಾಗ ಮಾತ್ರ ಬಲಿಷ್ಠ; ನಿಧಾನವಾಗಿ ತಿರುಗುವಾಗ ಅದರ ಸೆಳೆತ ಕುಗ್ಗುತ್ತದೆ, ನಿಂತಲ್ಲಿ ಅದು ಕುಂಟುತ್ತದೆ. ಆರೇಳು ಜನರನ್ನೂ ಅವರ ಗಂಟುಮೂಟೆಯನ್ನೂ ಹೊತ್ತು ಆಗುಂಬೆಯ ತಿರುವುಗಳಲ್ಲಿ ಎರಡನೆಯ ಗಿಯರಿನಲ್ಲಿ ಏರಬೇಕಾದ ಕಾರಿಗೆ ಅಂತಹ ದಂಡ ಶಾಪವೇ ಸರಿ. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಮೋಟಾರು ಪಂದ್ಯಗಳಿಗೆ ಇಂಜಿನನ್ನು ಹದಗೊಳಿಸುತ್ತಿದ್ದವರ ದೃಷ್ಟಿ ಬೇರೆ. ಕರಾವಳಿಯವರ ದೃಷ್ಟಿ ಬೇರೆ. ಅಲ್ಲಿ ಭಾಗವಿನಿಮಯವು ವೇಗಕ್ಕಾಗಿ, ಇಲ್ಲಿ ಉಳಿವಿಗಾಗಿ. ಪಾಶ್ಚಾತ್ಯ ಹವ್ಯಾಸಿಗಳ ಬರವಣಿಗೆಯನ್ನೇ ಓದಿ ಬೆಳೆದವರು ಈ ಎರಡನೆಯ ಪರಂಪರೆಯನ್ನು ಕಡೆಗಣಿಸುತ್ತಾರೆ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. 1984ರಲ್ಲಿ ಬಂದ ಕಾಂಟೆಸಾ ಇದಕ್ಕೆ ಸಂಬಂಧಪಟ್ಟ ಇನ್ನೊಂದು ಉದಾಹರಣೆ. ವಾಕ್ಸಾಲ್ ವಂಶದ ದೊಡ್ಡ ಒಡಲು, ಒಳಗೆ ಅದೇ 1489ರ ಇಂಜಿನು. ಕೊಂಡವರು ನಿರಾಶರಾದರು. ಗ್ಯಾರೇಜಿನವರಿಗೆ ಮಾತ್ರ ಅನುಕೂಲವೇ ಆಯಿತು. ಬಿಚ್ಚಿದರೆ ಒಳಗಿರುವುದು ಕೈಗೆ ಪಳಗಿದ ಅದೇ ಅಂಬಾಸಿಡರ್.

ಇನ್ನು ಜೀಪಿನ ವಿಷಯ. ಭಾಗವಿನಿಮಯದ ಚರಿತ್ರೆಯಲ್ಲಿ ಇದಕ್ಕಿಂತ ಸ್ವಾರಸ್ಯವಾದ ಅಧ್ಯಾಯ ನಮಗೆ ಕಂಡಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಇಂಜಿನು 2199 ಘನ ಸೆಂಟಿಮೀಟರಿನದು, ವಾಲ್ವುಗಳೆಲ್ಲ ಪಕ್ಕದಲ್ಲಿ, 60 ಅಶ್ವಶಕ್ತಿ. ಯುದ್ಧ ಮುಗಿದ ಮೇಲೆ ಸೈನ್ಯದ ‘ಡಿಸ್ಪೋಸಲ್’ ಮಾರಾಟದಲ್ಲಿ ಇಂತಹವು ಭಾರತದಲ್ಲಿ ಖಾಸಗಿ ಜನರ ಕೈಸೇರಿದುವು. 1940ರ ದಶಕದ ಕೊನೆಯಿಂದ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಎರಡೂ ಕಣ್ಣಿಗೆ ಒಂದೇ. ಆದರೆ 1946ರ ಸುಮಾರಿನಲ್ಲಿ ಅಮೆರಿಕೆಯಲ್ಲಿ ಒಂದು ಬದಲಾವಣೆ ನಡೆದುಹೋಗಿತ್ತು. ಯುದ್ಧಕಾಲದ ಇಂಜಿನಿನಲ್ಲಿ ಕ್ಯಾಂಶಾಫ್ಟನ್ನು ತಿರುಗಿಸುತ್ತಿದ್ದುದು ಚೈನು. ಅನಂತರದ್ದರಲ್ಲಿ ಒಂದಕ್ಕೊಂದು ಕಚ್ಚಿಕೊಂಡ ಎರಡು ಗಿಯರು ಚಕ್ರಗಳು. ಸೈಕಲ್ಲನ್ನು ನೋಡಿದವರೆಲ್ಲ ಬಲ್ಲಂತೆ ಚೈನಿನಿಂದ ಕೂಡಿದ ಎರಡು ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಕೊಟ್ಟ ಚಕ್ರಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹೀಗಾಗಿ ಎರಡು ಇಂಜಿನುಗಳ ಕ್ಯಾಂಶಾಫ್ಟುಗಳು ಒಂದಕ್ಕೊಂದು ಎದುರು ದಿಕ್ಕಿನವು. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಹೊಗೆ ಹೋಗುವ ಸರದಿಯೂ ಗಾಳಿ ಬರುವ ಸರದಿಯೂ ಅದಲುಬದಲಾಗಿ, ಸಿಲಿಂಡರುಗಳ ಕ್ರಮವೂ ತಲೆಕೆಳಗಾಗಿ, ಇಂಜಿನು ಉಸಿರೆತ್ತದು.

ಉಸಿರೆತ್ತದಿದ್ದರೆ ಕೆಲಸ ಕೆಟ್ಟಿತೆಂದು ಆಗಲೇ ತಿಳಿದುಬಿಡುತ್ತದೆ. ನಷ್ಟ ಒಂದು ದಿನದ ದುಡಿಮೆ. ಅದಕ್ಕಿಂತ ಅಪಾಯದ ತಪ್ಪು ಆಯಿಲ್ ಪಂಪಿನದು. ದಂಡದ ದಿಕ್ಕು ಬದಲಾದುದರಿಂದ ಪಂಪನ್ನೂ ಬೇರೆಯಾಗಿ ಮಾಡಬೇಕಾಯಿತು. ಚೈನಿನ ಇಂಜಿನಿನ ಪಂಪು ಗಿಯರಿನದಕ್ಕೆ ಸಲ್ಲದು. ಎಣ್ಣೆಯ ಒತ್ತಡವಿಲ್ಲದೆ ಓಡಿದ ಇಂಜಿನಿನ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತವೆ. ಜೀಪನ್ನೇ ನಂಬಿ ಬದುಕುವ ಮನೆಗೆ ಇದು ಒಂದು ಮಳೆಗಾಲದ ಅನ್ನ. ಆದುದರಿಂದ ಈ ಎರಡು ಕುಲಗಳ ನಡುವೆ ವಿನಿಮಯ ನಡೆಯಬೇಕಾದರೆ ಕ್ಯಾಂಶಾಫ್ಟು, ಅದರ ಚಕ್ರ, ಕ್ರ್ಯಾಂಕಿನ ಚಕ್ರ, ಮುಂದಣ ತಗಡು, ಮುಚ್ಚಳ, ಆಯಿಲ್ ಪಂಪು ಇಷ್ಟೂ ಒಟ್ಟಾಗಿಯೇ ಬರಬೇಕು. ಹೆಣ್ಣೊಬ್ಬಳು ಬಂದರೆ ಸಾಲದು, ತವರಿನವರೆಲ್ಲ ಬರಬೇಕೆಂಬಂತೆ! ಒಟ್ಟಾಗಿ ಬಂದರೆ ಬ್ಲಾಕು ಅವುಗಳನ್ನು ಒಪ್ಪಿಕೊಳ್ಳುತ್ತದೆ. ಚೈನೋ ಗಿಯರೋ ಎಂಬ ಈ ಒಂದೇ ಗುರುತಿನಿಂದ ನಮ್ಮೂರಿನ ಹಳೆಯ ಜೀಪೊಂದು ಸೈನ್ಯದ ಮಾರಾಟದಿಂದ ಬಂದುದೋ, ಮುಂಬಯಿಯ ಕಾರ್ಖಾನೆಯಿಂದ ಬಂದುದೋ ಎಂಬುದನ್ನು, ದಾಖಲೆ ಕಳೆದುಹೋದ ಸಂದರ್ಭದಲ್ಲಿಯೂ, ಬಹುಮಟ್ಟಿಗೆ ಊಹಿಸಬಹುದು. ಇಂಜಿನನ್ನೇ ಬದಲಿಸಿರುವ ಸಾಧ್ಯತೆಯನ್ನು ಮಾತ್ರ ಮರೆಯಬಾರದು.

1950ರಲ್ಲಿ ವಿಲ್ಲಿಸ್‌ನವರು ಅದೇ ಅಳತೆಯ ಇಂಜಿನಿಗೆ ಮತ್ತೊಂದು ರೂಪ ಕೊಟ್ಟರು. ಗಾಳಿಯ ವಾಲ್ವನ್ನು ಹೆಡ್ಡಿಗೆ ಏರಿಸಿ ಪುಷ್‌ರಾಡು, ರಾಕರುಗಳಿಂದ ನಡೆಸಿ, ಹೊಗೆಯ ವಾಲ್ವನ್ನು ಪಕ್ಕದಲ್ಲಿಯೇ ಉಳಿಸಿದರು. ಶಕ್ತಿ 60ರಿಂದ 75 ಅಶ್ವಶಕ್ತಿಯ ಸುಮಾರಿಗೆ ಏರಿತು. ಇಂಜಿನು ಎತ್ತರವಾದುದರಿಂದ 1953ರ ಮಾದರಿಯಲ್ಲಿ ಮುಂದಿನ ಮುಚ್ಚಳವನ್ನೂ ಎತ್ತರಿಸಬೇಕಾಯಿತು. ಮಹೀಂದ್ರದವರು ದಶಕಗಳ ಕಾಲ ತಯಾರಿಸಿದ ಎತ್ತರದ ಮೂತಿಯ ಜೀಪು ಇದೇ. ಇಲ್ಲಿ ವಾಲ್ವಿನ ಸಂದನ್ನು ಅಳೆಯುವಾಗ ಗಾಳಿಯ ವಾಲ್ವಿಗೆ ಅಂಗುಲದ ಸಾವಿರದಲ್ಲಿ 18 ಭಾಗ, ಹೊಗೆಯದಕ್ಕೆ 16 ಭಾಗ. ಹಳೆಯ ಪಕ್ಕದ ವಾಲ್ವಿನದರಲ್ಲಿ ಎರಡಕ್ಕೂ 16. ಒಂದೇ ಹೆಸರಿನ ವಾಹನಕ್ಕೆ ಎರಡು ಲೆಕ್ಕ. ಕೊಲ್ಲೂರಿನಿಂದ ಕೊಡಚಾದ್ರಿಯ 1343 ಮೀಟರ್ ಎತ್ತರಕ್ಕೆ, ರಸ್ತೆಯೆನ್ನಲಾಗದ ಕೊರಕಲಿನಲ್ಲಿ, ಯಾತ್ರಿಕರನ್ನು ಹತ್ತಿಸುವ ಜೀಪುಗಳನ್ನು ನೋಡಿದವರಿಗೆ ಇಂತಹ ಎರಡು ಸಾವಿರಾಂಶದ ಲೆಕ್ಕವೂ ಪಂಡಿತರ ಹರಟೆಯೆಂದು ತೋರದು.

ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿಯ ಕಥೆ ವಿಚಿತ್ರವಾದುದು. ಮೊದಲು ಅಲ್ಲಿ ಜೋಡಿಸುತ್ತಿದ್ದ ವ್ಯಾನ್‌ಗಾರ್ಡ್ ಕಾರಿನ ಇಂಜಿನೂ ಫರ್ಗುಸನ್ ಟ್ರ್ಯಾಕ್ಟರಿನ ಇಂಜಿನೂ ಒಂದೇ ವಂಶದವು. ಎಲ್ಲದರಲ್ಲಿಯೂ ಪಿಸ್ಟನ್ನಿನ ಓಟ 92 ಮಿಲಿಮೀಟರು; ಹೊರಗೆ ನೀರಿನ ಸಂಪರ್ಕವಿರುವ, ಬಿಚ್ಚಿ ತೆಗೆಯಬಹುದಾದ ಲೈನರುಗಳನ್ನು ಬದಲಾಯಿಸಿ 80, 83, 85 ಎಂದು ಅಗಲವನ್ನು ಬೇಕಾದಂತೆ ಮಾಡಿಕೊಳ್ಳುತ್ತಿದ್ದರು. ಗದ್ದೆಯ ಉಳುಮೆಗೂ ಪೇಟೆಯ ಸವಾರಿಗೂ ಒಂದೇ ಮೂಲ. ಸಿಲಿಂಡರಿನ ಮಟ್ಟಿಗೆ ವಿನಿಮಯ ಸುಲಭ; ಕ್ಯಾಂಶಾಫ್ಟಿನ ಮಟ್ಟಿಗೆ ವಿವೇಕ ಬೇಕು, ನಿಧಾನವಾಗಿ ತಿರುಗಲೆಂದೇ ಮಾಡಿದ ಟ್ರ್ಯಾಕ್ಟರಿನ ಉಬ್ಬುಗಳು ಕಾರನ್ನು ಮಂಕುಗೊಳಿಸುತ್ತವೆ. ಈ ವಂಶಕ್ಕೆ ಒಂದು ಅಕಾಲ ಪುನರ್ಜನ್ಮವೂ ಆಯಿತು. 1985ರಲ್ಲಿ ಇದೇ ಕಂಪೆನಿ ರೋವರ್ ಕಾರಿನ ಆಧುನಿಕ ಒಡಲಿನೊಳಗೆ ವ್ಯಾನ್‌ಗಾರ್ಡ್ ಮೂಲದ 1991 ಘನ ಸೆಂಟಿಮೀಟರಿನ ಇಂಜಿನನ್ನಿಟ್ಟು ‘ಸ್ಟ್ಯಾಂಡರ್ಡ್ 2000’ ಎಂದು ಮಾರಿತು. ಜನ ಮೆಚ್ಚಲಿಲ್ಲ, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಹೊರಗಿನ ರೂಪವನ್ನೇ ನೆಚ್ಚಿ ಚರಿತ್ರೆ ಬರೆಯುವವನು ಇದನ್ನು 1980ರ ದಶಕದ ಕಾರೆಂದು ಎಣಿಸುತ್ತಾನೆ. ಅದರ ಟ್ಯಾಪೆಟ್ಟುಗಳು 1940ರ ದಶಕದವು.

ಫಿಯೆಟ್ಟಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪ್ರೀಮಿಯರ್ ಕಂಪೆನಿಯವರು 1954ರಿಂದ ತಯಾರಿಸಿದ 1100, ಮುಂದೆ ಡಿಲೈಟ್, ಪ್ರೆಸಿಡೆಂಟ್, ಪದ್ಮಿನಿ ಎಂದು ಹೆಸರು ಬದಲಾಯಿಸಿಕೊಂಡರೂ, ಒಳಗೆ 68 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟದ 1089ರ ಇಂಜಿನಾಗಿಯೇ ಉಳಿಯಿತು. ಹೆಸರು ನಾಲ್ಕು, ವಂಶ ಒಂದೇ, ವಿನಿಮಯಕ್ಕೆ ತೊಡಕಿಲ್ಲ. ಅಂಬಾಸಿಡರಿನದಕ್ಕೆ ಇದು ಪೂರ್ತಿಯಾಗಿ ಪರಕೀಯ. ಒಂದು ಮಿಲಿಮೀಟರಿನ ಲೋಕ, ಮತ್ತೊಂದು ಅಂಗುಲದ್ದು. ಸ್ಪ್ಯಾನರುಗಳ ಪೆಟ್ಟಿಗೆಯೇ ಬೇರೆ.

ಇಷ್ಟು ಹೊತ್ತು ನಾವು ವಿವೇಚಿಸಿದ್ದು ಜನ್ಮದಿಂದ ಬಂದ ಬಂಧುತ್ವ. ಸಹವಾಸದಿಂದ ಬರುವ ಬಂಧುತ್ವವೂ ಒಂದುಂಟು. ನುರಿತ ಮೇಸ್ತ್ರಿಗೂ ಅರ್ಧ ಕಲಿತವನಿಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲಿಯೇ. ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಸಾಮಾನ್ಯವಾಗಿ ಅತಿ ಸೂಕ್ಷ್ಮವಾಗಿ ಉಬ್ಬಿರುತ್ತದೆ. ಕ್ಯಾಮಿನ ಉಬ್ಬೂ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಇದರಿಂದ ಟ್ಯಾಪೆಟ್ಟು ಮೇಲೆ ಕೆಳಗೆ ಆಡುವಾಗಲೇ ತನ್ನ ಸುತ್ತ ತಾನೂ ತಿರುಗುತ್ತ ಒಂದೇ ಸಮನಾಗಿ ಸವೆಯುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಪ್ರತಿಯೊಂದು ಟ್ಯಾಪೆಟ್ಟೂ ತನ್ನ ಉಬ್ಬಿನ ರೂಪಕ್ಕೆ ಒಗ್ಗಿಕೊಂಡಿರುತ್ತದೆ. ಅದನ್ನು ತೆಗೆದು ಪಕ್ಕದ ಉಬ್ಬಿಗೆ ಹಾಕಿದರೂ, ಹೊಸ ಕ್ಯಾಂಶಾಫ್ಟಿಗೆ ಹಳೆಯ ಟ್ಯಾಪೆಟ್ಟನ್ನು ಕೂರಿಸಿದರೂ, ಎರಡೂ ಬೇಗನೆ ತಿಂದುಹೋಗುತ್ತವೆ. ಒಂದೇ ಕಾರ್ಖಾನೆಯ, ಒಂದೇ ಅಚ್ಚಿನ, ಒಂದೇ ನಂಬರಿನ ಭಾಗಗಳಾದರೂ ಸರಿಯೆ. ‘ಬಿ’ ಶ್ರೇಣಿಯ ಇಂಜಿನಿನ ಪಕ್ಕದ ಮುಚ್ಚಳಗಳನ್ನು ಬಿಚ್ಚಿ ಕ್ಯಾಂಶಾಫ್ಟನ್ನು ಅಲುಗಾಡಿಸದೆಯೇ ಟ್ಯಾಪೆಟ್ಟುಗಳನ್ನು ಎತ್ತಿಕೊಳ್ಳಬಹುದು. ಈ ಸೌಕರ್ಯವೇ ಅನೇಕ ಇಂಜಿನುಗಳಿಗೆ ಮುಳುವಾಯಿತೆನ್ನಬೇಕು. ಎಂಟು ಟ್ಯಾಪೆಟ್ಟುಗಳನ್ನೂ ಒಂದು ಡಬ್ಬಿಗೆ ಸುರಿದು ಸೀಮೆಎಣ್ಣೆಯಲ್ಲಿ ತೊಳೆದಿಟ್ಟ ಕೂಡಲೇ ಯಾವುದು ಯಾವ ಮನೆಯದೆಂಬ ಲೆಕ್ಕ ತಪ್ಪಿತು. ಬಲ್ಲ ಮೇಸ್ತ್ರಿ ಹಲಗೆಯ ಮೇಲೆ ಎಂಟು ತೂತು ಕೊರೆದು ಸಾಲಾಗಿ ನಿಲ್ಲಿಸುತ್ತಾನೆ.

ಇದರ ಮೇಲೆ ಕರಾವಳಿಯ ಹವೆಯ ಕಾಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ನೆಲದಲ್ಲಿ ಆಷಾಢದಲ್ಲಿ ನಿಲ್ಲಿಸಿದ ವಾಹನವನ್ನು ಗಣೇಶನ ಹಬ್ಬಕ್ಕೆ ಹೊರತೆಗೆಯುವಾಗ ವಾಲ್ವು ತನ್ನ ತೂತಿನಲ್ಲಿಯೇ ಹಿಡಿದುಕೊಂಡಿರುತ್ತದೆ. ಸ್ಪ್ರಿಂಗಿನ ಮೇಲೆ ತುಕ್ಕಿನ ಒಂದು ಚುಕ್ಕೆ ಬಿದ್ದರೆ ಅದು ಮುರಿಯುವುದು ಆ ಚುಕ್ಕೆಯಲ್ಲಿಯೇ. ಗುಜರಿಯಿಂದ ತಂದ ಭಾಗವನ್ನು ಇಲ್ಲಿಯವರು ಅಳತೆಗಿಂತ ಮೊದಲು ತುಕ್ಕಿಗಾಗಿ ನೋಡುವುದು ಅನುಭವದಿಂದ ಬಂದ ಜಾಣತನ.

2000ದ ಫೆಬ್ರುವರಿಯ ಹೊತ್ತಿಗೆ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂದಾಗ ಈ ಹಳೆಯ ಇಂಜಿನುಗಳಿಗೆ ಹೊಸ ಸಂಕಟ ಒದಗಿತು. ಪೆಟ್ರೋಲಿನಲ್ಲಿಯ ಸೀಸ ಜನರ ಆರೋಗ್ಯಕ್ಕೆ ಹಾನಿಕರ. ಅದನ್ನು ನಿಲ್ಲಿಸಿದುದು ಸರಿಯೇ. ಆದರೆ ವಾಲ್ವು ಕೂರುವ ಪೀಠಕ್ಕೆ ಆ ಸೀಸವೇ ಒಂದು ರಕ್ಷಣೆಯಾಗಿತ್ತು. ‘ಬಿ’ ಶ್ರೇಣಿಯಲ್ಲಿ ಈ ಪೀಠವನ್ನು ಹೆಡ್ಡಿನ ಎರಕದ ಕಬ್ಬಿಣದಲ್ಲಿಯೇ ಕೊರೆದಿದ್ದುದರಿಂದ, ರಕ್ಷಣೆ ತಪ್ಪಿದ ಮೇಲೆ ಹೊಗೆಯ ವಾಲ್ವು ಪೀಠವನ್ನು ತಿನ್ನುತ್ತ ಮೇಲಕ್ಕೆ ಹುದುಗತೊಡಗುತ್ತದೆ. ಹುದುಗಿದಷ್ಟೂ ರಾಕರಿನ ಸಂದು ಕಡಮೆಯಾಗುತ್ತದೆ. ಅಂಗುಲದ ಸಾವಿರದಲ್ಲಿ 15 ಭಾಗವಿರಬೇಕಾದ ಸಂದು ಇಲ್ಲವಾದಾಗ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ಇದರಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಸಂದು ಹೆಚ್ಚಾದರೆ ‘ಟ್ಯಾಪೆಟ್ ಹೊಡೆಯುತ್ತಿದೆ’ ಎಂದು ದಾರಿಹೋಕನೂ ಹೇಳುತ್ತಾನೆ. ಸಂದು ಹೋದ ಇಂಜಿನು ಮೌನವಾಗಿರುತ್ತದೆ. ಮಾಲಿಕನು ಆ ಮೌನವನ್ನು ಆರೋಗ್ಯವೆಂದು ಭ್ರಮಿಸುತ್ತಾನೆ. ಗಟ್ಟಿ ಲೋಹದ ಬಳೆಯನ್ನು ಲೇತಿನವರಿಂದ ಹೆಡ್ಡಿಗೆ ಕೂರಿಸುವುದು ಇದಕ್ಕೆ ಪರಿಹಾರ.

ಇಂತಹ ಕೆಲಸವನ್ನೆಲ್ಲ ‘ಜುಗಾಡ್’ ಎಂಬ ಒಂದೇ ಮಾತಿನಲ್ಲಿ ಅಡಗಿಸುವ ಪರಿಪಾಠ ಈಚೆಗೆ ಬೆಳೆದಿದೆ. ಆ ಮಾತನ್ನು ಹೊಗಳಿಕೆಗೆಂದು ಬಳಸುವವರೂ ಉಂಟು, ಹೀಯಾಳಿಸಲು ಬಳಸುವವರೂ ಉಂಟು. ನಮಗೆ ಎರಡೂ ಒಪ್ಪಿಗೆಯಲ್ಲ. ಕೈಗೆ ಸಿಕ್ಕಿದ್ದನ್ನು ತುರುಕಿ ಹೇಗೋ ಓಡಿಸುವುದು ಒಂದು. ಯಾವುದು ಯಾವುದರ ದಾಯಾದಿಯೆಂದರಿತು, ಯಾವುದರೊಡನೆ ಯಾವುದೂ ಬರಬೇಕೆಂದು ತಿಳಿದು, ಹೊಂದದುದನ್ನು ಹೊಂದದೆಂದು ತಿರಸ್ಕರಿಸುವುದು ಮತ್ತೊಂದು. ಎರಡನೆಯದರಲ್ಲಿ ವಿಮರ್ಶೆಯಿದೆ. ಪೆಟ್ರೋಲಿನ ಪಂಪನ್ನು ಕ್ಯಾಂಶಾಫ್ಟಿನಿಂದಲೇ ನಡೆಸುವ ಇಂಜಿನಿಗೆ ಆ ಹೆಚ್ಚಿನ ಉಬ್ಬಿಲ್ಲದ ದಂಡವನ್ನು ಯಾರಾದರೂ ತಂದುಕೊಟ್ಟರೆ, ಒಳಗೆ ಹಾಕುವ ಮೊದಲೇ ಬೆರಳಾಡಿಸಿ ನೋಡಿ ಹಿಂದಕ್ಕೆ ಕೊಡುವ ಮೇಸ್ತ್ರಿಯು ಪ್ರಕ್ಷಿಪ್ತ ಪದ್ಯವನ್ನು ಗುರುತಿಸುವ ಸಂಪಾದಕನಿಗೆ ಸಮಾನ. ಸಂಪಾದಕನು ತನ್ನ ಕಾರಣಗಳನ್ನು ಪೀಠಿಕೆಯಲ್ಲಿ ಬರೆದಿಡುತ್ತಾನೆ. ಮೇಸ್ತ್ರಿ ಬರೆಯಲಿಲ್ಲ. ಆ ತಿಳಿವಳಿಕೆಯೆಲ್ಲ ಶಿಷ್ಯನ ಕಿವಿಗೂ ಕೈಗೂ ಸಂದಿತೇ ಹೊರತು ಕಾಗದಕ್ಕಿಳಿಯಲಿಲ್ಲ.

ಆ ಶಿಷ್ಯಪರಂಪರೆ ಕಡಿದ ಕಾಲವನ್ನೂ ಸುಮಾರಾಗಿ ಗುರುತಿಸಬಹುದು. 1992ರ ಸುಮಾರಿನಲ್ಲಿ ಅಂಬಾಸಿಡರಿಗೆ ಇಸುಜು ಕಂಪೆನಿಯ 1817 ಘನ ಸೆಂಟಿಮೀಟರಿನ ಇಂಜಿನು ಬಂದಿತು. ಅದರಲ್ಲಿ ಕ್ಯಾಂಶಾಫ್ಟು ಬ್ಲಾಕನ್ನು ಬಿಟ್ಟು ಹೆಡ್ಡನ್ನೇರಿತು, ಪುಷ್‌ರಾಡು ಮಾಯವಾಯಿತು, ಹಳೆಯ ಡಬ್ಬಿಗಳಲ್ಲಿದ್ದ ಒಂದು ಭಾಗವೂ ಅದಕ್ಕೆ ಸಲ್ಲದಾಯಿತು. ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೂ ಅಂಬಾಸಿಡರಿನದು 2014ರಲ್ಲಿಯೂ ನಿಂತುವು. 2021ರಲ್ಲಿ ಸರ್ಕಾರವು ಹಳೆಯ ವಾಹನಗಳನ್ನು ಕಳಚಿಹಾಕುವ ನೀತಿಯನ್ನು ಜಾರಿಗೆ ತಂದ ಮೇಲೆ ಇಂಜಿನುಗಳು ಕುಲುಮೆಗೆ ಹೋಗುವ ವೇಗ ಹೆಚ್ಚಿದೆ.

ಜೀಪಿನ ವಂಶದಲ್ಲಿ ಮಾತ್ರ ಇದಕ್ಕಿಂತ ಮೊದಲೇ ಇನ್ನೊಂದು ಕವಲೊಡೆದಿತ್ತು. ಪೆಟ್ರೋಲಿನ ಬೆಲೆ ಏರಿದಂತೆ ಮಹೀಂದ್ರದವರು ತಮ್ಮ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಮೂಲದ ಡೀಸೆಲ್ ಇಂಜಿನನ್ನೂ ಅನಂತರ ಪ್ಯೂಜೋ ಮೂಲದ್ದನ್ನೂ ಜೀಪಿಗೆ ಅಳವಡಿಸಿದರು. ಹಳೆಯ ಪೆಟ್ರೋಲ್ ಜೀಪುಗಳ ಮಾಲಿಕರೂ ಅದನ್ನೇ ಅನುಸರಿಸಿ ವಿಲ್ಲಿಸ್ ಇಂಜಿನನ್ನು ಇಳಿಸಿ ಡೀಸೆಲನ್ನು ಏರಿಸಿದರು. ವ್ಯಾನ್‌ಗಾರ್ಡಿನಲ್ಲಿ ಕಂಡ ಗದ್ದೆ ಹಾಗೂ ರಸ್ತೆಯ ಸಂಬಂಧ ಹೀಗೆ ಮತ್ತೊಮ್ಮೆ ಕೂಡಿಬಂದಿತು. ಅಂದು ಇಳಿಸಿದ ಪೆಟ್ರೋಲ್ ಇಂಜಿನುಗಳಲ್ಲಿ ಗುಜರಿಗೆ ಹೋಗದೆ ಶೆಡ್ಡಿನ ಮೂಲೆಯಲ್ಲಿ ಉಳಿದುವೇನಾದರೂ ಕಂಡರೆ, ಮುಂದಣ ಮುಚ್ಚಳದ ನಾಲ್ಕಾರು ಬೋಲ್ಟುಗಳನ್ನು ಬಿಚ್ಚಿದರೆ ಸಾಕು. ಒಳಗಿರುವುದು ಚೈನೋ, ಹಲ್ಲುಚಕ್ರವೋ ಎಂಬುದು ಕಾಣುತ್ತದೆ.